ಇಳಿಸಿದ ತೂಕವು ಮರಳಿ ಏರುವುದೇಕೆ?

ಬೊಜ್ಜಿನ ವಿಷಯವು ಈಚೆಗೆ ನಮ್ಮ ದೇಶದಲ್ಲಿ ರಾಜಕಾರ್ಯದ ಮಟ್ಟಕ್ಕೆ ಏರಿದೆ. 2025ರ ಫೆಬ್ರವರಿಯಲ್ಲಿ ಪ್ರಧಾನಮಂತ್ರಿಗಳು ತಮ್ಮ ಮಾಸಿಕ ಬಾನುಲಿ ಭಾಷಣದಲ್ಲಿ ಇದೇ ವಿಷಯವನ್ನೆತ್ತಿ, ಅಡಿಗೆಯ ಎಣ್ಣೆಯ ಬಳಕೆಯನ್ನು ಶೇಕಡ 10ರಷ್ಟು ಕಡಿಮೆ ಮಾಡಬೇಕೆಂದು ಮಹಾಜನರನ್ನು ಕೇಳಿಕೊಂಡರು. ಮರುತಿಂಗಳೇ ಟಿರ್ಜೆಪಟೈಡ್ ಎಂಬ ಸೂಜಿಮದ್ದು ಮೌಂಜಾರೊ ಎಂಬ ಹೆಸರಿನಿಂದ ನಮ್ಮ ಮಾರುಕಟ್ಟೆಯನ್ನು ಪ್ರವೇಶಿಸಿತು. ಆ ವರ್ಷದ ಜೂನಿನಲ್ಲಿ ಸೆಮಾಗ್ಲುಟೈಡ್ ಎಂಬ ಮತ್ತೊಂದು ಮದ್ದು ವೆಗೋವಿ ಎಂಬ ಹೆಸರಿನಿಂದ ಅದನ್ನು ಹಿಂಬಾಲಿಸಿತು. ಈ ಎರಡನೆಯ ಮದ್ದಿನ ಪೇಟೆಂಟು ಭಾರತದಲ್ಲಿ 2026ರ ಮಾರ್ಚಿಯವರೆಗಿನದಷ್ಟೆ. ಅಲ್ಲಿಂದ ಮುಂದೆ ಅದನ್ನು ಅಗ್ಗವಾಗಿ ತಯಾರಿಸುವ ದಾರಿಯು ದೇಶೀಯ ಕಂಪನಿಗಳಿಗೆ ತೆರೆಯುತ್ತದೆ. ಇದರ ಜತೆಗೆ ಮೂರು ತಿಂಗಳಲ್ಲಿ ಇಷ್ಟು ಕಿಲೋ ಇಳಿಸಿಕೊಡುವೆವೆಂಬ ಫಲಕಗಳು ಪ್ರತಿಯೊಂದು ಪಟ್ಟಣದ ಬೀದಿಯಲ್ಲಿಯೂ ತೂಗಾಡುತ್ತಿವೆ. ತೂಕವನ್ನು ಇಳಿಸುವ ಉಪಾಯಗಳ ವಿಚಾರವಾಗಿ ಇಷ್ಟೊಂದು ಮಾತು ನಡೆದಿರುವಾಗ, ಇಳಿಸಿದ ತೂಕವು ಒಂದೆರಡು ವರ್ಷಗಳಲ್ಲಿ ಮರಳಿ ಬರುವುದೇಕೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳರು. ನಮ್ಮ ಅಭಿಪ್ರಾಯದಲ್ಲಿ ಮಿಕ್ಕೆಲ್ಲ ಪ್ರಶ್ನೆಗಳಿಗಿಂತ ಇದೇ ಮುಖ್ಯವಾದುದು.

ಇದು ಕೆಲವರು ಸ್ಥಿತಿವಂತರ ಸೌಂದರ್ಯಚಿಂತೆಯೆಂದು ಯಾರೂ ಅಲ್ಲಗಳೆಯಲಾಗದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕ ಸ್ತ್ರೀಯರಲ್ಲಿ ಶೇಕಡ 24 ಮಂದಿಯೂ ಪುರುಷರಲ್ಲಿ ಶೇಕಡ 23ರಷ್ಟು ಮಂದಿಯೂ ಅಧಿಕತೂಕದವರು. ಕರ್ನಾಟಕದಲ್ಲಾದರೋ ಈ ಪ್ರಮಾಣವು ಇಬ್ಬರಲ್ಲಿಯೂ ಶೇಕಡ 30ನ್ನು ದಾಟಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದ ಮಧುಮೇಹಿಗಳ ಸಂಖ್ಯೆಯನ್ನು 10 ಕೋಟಿಗೂ, ಹೊಟ್ಟೆಯ ಬೊಜ್ಜುಳ್ಳವರ ಸಂಖ್ಯೆಯನ್ನು 35 ಕೋಟಿಗೂ ಎಣಿಸಿದೆ. ಅಷ್ಟೇ ಅಲ್ಲ, ನಮ್ಮವರ ದೇಹರಚನೆಯಲ್ಲಿಯೇ ಒಂದು ವಿಶೇಷವುಂಟು. ಪುಣೆಯ ವೈದ್ಯರಾದ ಚಿತ್ತರಂಜನ ಯಾಜ್ಞಿಕರು 2004ರಲ್ಲಿ ತಮ್ಮನ್ನೂ ತಮ್ಮ ಆಂಗ್ಲ ಸಹೋದ್ಯೋಗಿಯೊಬ್ಬರನ್ನೂ ಹೋಲಿಸಿ ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆಯು ಇಬ್ಬರಿಗೂ ಒಂದೇ, 22.3, ಆದರೆ ಮೈಯಲ್ಲಿದ್ದ ಕೊಬ್ಬು ಆಂಗ್ಲರಿಗೆ ಶೇಕಡ 9ರಷ್ಟು, ಯಾಜ್ಞಿಕರಿಗೆ ಶೇಕಡ 21ರಷ್ಟು. ಇಂತಹ ಕಾರಣಗಳಿಂದಲೇ ನಮ್ಮ ವೈದ್ಯರು ಆ ಅಳತೆಯು 23ನ್ನು ಮುಟ್ಟಿದೊಡನೆ ಭಾರತೀಯರಿಗೆ ಎಚ್ಚರಿಕೆಯನ್ನು ಹೇಳುತ್ತಾರೆ. ಹೀಗಿರಲು ತೂಕದ ಏರಿಳಿತವು ಮನೆಮನೆಯ ಆಯುಸ್ಸಿಗೂ ಆದಾಯಕ್ಕೂ ತಾಕುವ ವಿಷಯವಾಗಿದೆ.

ಪಥ್ಯ ಮಾಡಿ ಇಳಿದವನು ಮತ್ತೆ ದಪ್ಪನಾದರೆ ಲೋಕವು ಕೊಡುವ ತೀರ್ಪು ಒಂದೇ: ಅವನಿಗೆ ನಾಲಗೆಯ ಮೇಲೆ ಹಿಡಿತವಿಲ್ಲ, ಮನಸ್ಸಿನಲ್ಲಿ ದಾರ್ಢ್ಯವಿಲ್ಲ. ನೆಂಟರಿಷ್ಟರು ನಗುತ್ತಾರೆ, ಕಚೇರಿಯಲ್ಲಿ ಹಾಸ್ಯವಾಗುತ್ತದೆ, ಕಡೆಗೆ ಆತನೇ ತನ್ನನ್ನು ಹಳಿದುಕೊಂಡು ಸುಮ್ಮನಾಗುತ್ತಾನೆ. ಮನೆಯವರಿಗೆಲ್ಲ ಬಡಿಸಿ ಕೊನೆಗೆ ಉಳಿದುದನ್ನು ಉಣ್ಣುವ ಗೃಹಿಣಿಯ ಪಾಡು ಇನ್ನೂ ಕಷ್ಟತರವಾದುದು. ಆದರೆ ಅಮೆರಿಕಾ ದೇಶದ ವ್ಯವಸ್ಥಿತ ಪಥ್ಯಕ್ರಮಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದವರು ಕಂಡುದೇನೆಂದರೆ, ಕಳೆದುಕೊಂಡ ತೂಕದಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚು ಭಾಗವು ಎರಡು ವರ್ಷಗಳಲ್ಲಿಯೂ, ಶೇಕಡ 80ಕ್ಕೆ ಮಿಕ್ಕ ಭಾಗವು ಐದು ವರ್ಷಗಳಲ್ಲಿಯೂ ಮರಳಿ ಬಂದಿರುತ್ತದೆ. ನೂರರಲ್ಲಿ ಹತ್ತು ಮಂದಿ ಸೋತರೆ ಅದನ್ನು ಹತ್ತು ಮಂದಿಯ ದೌರ್ಬಲ್ಯವೆನ್ನಬಹುದು. ಬಹುಮಂದಿಯೂ ಒಂದೇ ಬಗೆಯಾಗಿ, ಒಂದೇ ಕಾಲಾವಧಿಯಲ್ಲಿ ಸೋಲುತ್ತಿದ್ದರೆ ಅದು ವ್ಯಕ್ತಿಯ ದೋಷವಲ್ಲ. ದೇಹಧರ್ಮದಲ್ಲಿಯೇ ಅದರ ಕಾರಣವನ್ನು ಹುಡುಕಬೇಕು.

ದೇಹವು ಅನ್ನವನ್ನು ಶಕ್ತಿಯಾಗಿ ಮಾರ್ಪಡಿಸಿ ವೆಚ್ಚಮಾಡುವ, ಮಿಕ್ಕುದನ್ನು ಕೂಡಿಡುವ ಸಮಗ್ರ ವ್ಯಾಪಾರಕ್ಕೆ ಚಯಾಪಚಯವೆಂದು ಹೆಸರು. ಇದನ್ನು ಒಂದು ಸಂಸಾರದ ಆಯವ್ಯಯದಂತೆ ಭಾವಿಸಿದರೆ ತಿಳಿಯುವುದು ಸುಲಭ. ಆಯವು ನಾವು ಉಣ್ಣುವ ಅನ್ನ. ವೆಚ್ಚದಲ್ಲಿ ಬಹುಭಾಗವು, ಎಂದರೆ ಸಾಮಾನ್ಯವಾಗಿ ಶೇಕಡ 60ರಿಂದ 70ರಷ್ಟು, ನಾವು ಸುಮ್ಮನೆ ಮಲಗಿದ್ದರೂ ಆಗತಕ್ಕದ್ದು. ಹೃದಯ, ಮಿದುಳು, ಯಕೃತ್ತು, ಮೂತ್ರಪಿಂಡ ಇವುಗಳ ನಿತ್ಯದ ಸಂಬಳವೆಂದು ಅದನ್ನು ಕರೆಯಬಹುದು. ಶೇಕಡ 10ರಷ್ಟು ಉಂಡುದನ್ನು ಅರಗಿಸುವುದರಲ್ಲಿ ಹೋಗುತ್ತದೆ. ಉಳಿದುದು ನಡೆದಾಟ, ದುಡಿಮೆ, ವ್ಯಾಯಾಮಗಳಿಗೆ. ಆಯವು ವೆಚ್ಚಕ್ಕಿಂತ ಮಿಗಿಲಾದಾಗ ಉಳಿತಾಯವು ಕೊಬ್ಬಿನ ರೂಪದಲ್ಲಿ ಕಣಜಕ್ಕೆ ಸೇರುತ್ತದೆ. ಕಡಿಮೆಯಾದಾಗ ಕಣಜದಿಂದ ಹೊರಬರುತ್ತದೆ. ಇಷ್ಟರ ಮಟ್ಟಿಗೆ ಎಲ್ಲರೂ ಬಲ್ಲರು.

ತಪ್ಪು ಉಂಟಾಗುವುದು ಇದರ ಮುಂದಿನ ಲೆಕ್ಕದಲ್ಲಿ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿಯುಂಟು. ಆದ್ದರಿಂದ ದಿನಕ್ಕೆ 500 ಕ್ಯಾಲೊರಿಯಷ್ಟು ಕಡಿಮೆ ಉಂಡರೆ ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿಯಬೇಕು, ವರ್ಷಕ್ಕೆ 24 ಕಿಲೋ ಇಳಿಯಬೇಕು ಎಂದು ಪಥ್ಯದ ಪುಸ್ತಕಗಳು ಹೇಳುತ್ತ ಬಂದಿವೆ. ಮ್ಯಾಕ್ಸ್ ವಿಷ್ನಾಫ್ಸ್ಕಿ ಎಂಬ ವೈದ್ಯರ 1958ರ ಲೇಖನದಿಂದ ಈ ಗಣಿತವು ಲೋಕಪ್ರಸಿದ್ಧವಾಯಿತು. ಆದರೆ ಈ ಲೆಕ್ಕದಲ್ಲಿ ಆಯವು ಇಳಿದರೂ ವೆಚ್ಚವು ಹಿಂದಿನಂತೆಯೇ ಇರುವುದೆಂಬ ಊಹೆಯು ಅಡಗಿದೆ. ಬುದ್ಧಿವಂತನಾದ ಯಾವ ಗೃಹಸ್ಥನು ತಾನೆ ಬರಗಾಲದಲ್ಲಿ ಸುಭಿಕ್ಷಕಾಲದಂತೆ ವೆಚ್ಚಮಾಡುತ್ತಾನೆ? ಸಂಬಳ ಕಡಿತವಾದೊಡನೆ ಅವನು ದೀಪವನ್ನು ಬೇಗ ಆರಿಸುತ್ತಾನೆ, ಪ್ರಯಾಣವನ್ನು ನಿಲ್ಲಿಸುತ್ತಾನೆ, ರಿಪೇರಿಗಳನ್ನು ಮುಂದಕ್ಕೆ ಹಾಕುತ್ತಾನೆ. ದೇಹವೂ ಹೀಗೆಯೇ ಮಾಡುತ್ತದೆ. ಅದಕ್ಕೆ ಪಥ್ಯವೂ ಕ್ಷಾಮವೂ ಬೇರೆಬೇರೆಯೆಂದು ತಿಳಿಯುವುದಿಲ್ಲ.

ಇದಕ್ಕೆ ಮೊದಲ ದೃಢವಾದ ಪ್ರಮಾಣವು ದೊರೆತುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಯೂರೋಪಿನಲ್ಲಿ ಹಸಿವಿನಿಂದ ಬಳಲಿದ ಜನರಿಗೆ ಮರಳಿ ಅನ್ನ ಕೊಡುವ ಕ್ರಮವನ್ನು ಅರಿಯಲೋಸುಗ, ಮಿನ್ನೆಸೋಟ ವಿಶ್ವವಿದ್ಯಾನಿಲಯದ ಆನ್ಸೆಲ್ ಕೀಸ್ ಎಂಬ ಪಂಡಿತರು 1944-45ರಲ್ಲಿ 36 ಮಂದಿ ಆರೋಗ್ಯವಂತ ತರುಣರನ್ನು 24 ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದರು. ಯುದ್ಧದಲ್ಲಿ ಆಯುಧ ಹಿಡಿಯಲೊಲ್ಲದೆ, ಅದಕ್ಕೆ ಬದಲಾಗಿ ಈ ಸೇವೆಗೆ ತಾವಾಗಿ ಒಪ್ಪಿಬಂದ ಯುವಕರು ಅವರು. ಅವರ ತೂಕವು ಕಾಲುಭಾಗದಷ್ಟು ಇಳಿಯಿತು. ವಿಶ್ರಾಂತಿಕಾಲದ ಶಕ್ತಿವ್ಯಯವು ಶೇಕಡ 40ರಷ್ಟು ಕುಸಿಯಿತು. ನಾಡಿ ನಿಧಾನವಾಯಿತು, ಮೈ ತಣ್ಣಗಾಯಿತು, ಸದಾ ಅನ್ನದ ಧ್ಯಾನವೇ ಆಯಿತು. ಪುನಃ ಊಟ ದೊರೆತಾಗ ಅವರು ಹೊಟ್ಟೆ ತುಂಬಿದರೂ ಹಸಿವು ತೀರದೆ ಉಂಡರು. ಮೊದಲು ಮರಳಿದುದು ಮಾಂಸವಲ್ಲ, ಕೊಬ್ಬು. ಅದೂ ಮುಂಚೆ ಇದ್ದುದಕ್ಕಿಂತ ಹೆಚ್ಚಾಗಿ. ಈ ತರುಣರು ತಮ್ಮ ತತ್ತ್ವಕ್ಕಾಗಿ ಲೋಕನಿಂದೆಯನ್ನು ಸಹಿಸಿದವರು. ಅವರಿಗೆ ಮನೋದಾರ್ಢ್ಯವಿರಲಿಲ್ಲವೆಂದು ಹೇಳಲು ಯಾರಿಗೆ ಧೈರ್ಯವುಂಟು?

ಸ್ಥೂಲಕಾಯರಲ್ಲಿಯೂ ಇದೇ ಧರ್ಮವು ಕಂಡುಬಂದಿದೆ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾನಿಲಯದ ರುಡಾಲ್ಫ್ ಲೈಬೆಲ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದಂತೆ, ತೂಕವನ್ನು ಶೇಕಡ 10ರಷ್ಟು ಇಳಿಸಿಕೊಂಡು ಅಲ್ಲಿಯೇ ನಿಂತವರ ಶಕ್ತಿವ್ಯಯವು, ಸಣ್ಣದಾದ ಮೈಗೆ ಸಹಜವಾಗಿ ಬೇಕಾಗುವುದಕ್ಕಿಂತಲೂ ಕೆಳಗಿಳಿದಿತ್ತು. ತೂಕವನ್ನು ಏರಿಸಿದಾಗ ವೆಚ್ಚವೂ ಏರಿತು. ದೇಹವು ತಾನು ರೂಢಿಮಾಡಿಕೊಂಡ ಒಂದು ತೂಕವನ್ನು ಎರಡು ಕಡೆಯಿಂದಲೂ ಕಾಯುತ್ತದೆ. ಆದರೆ ಇಳಿತದ ಕಡೆಯ ಕಾವಲು ಹೆಚ್ಚು ಬಿಗಿಯಾದುದು. ಲಕ್ಷಾಂತರ ವರ್ಷಗಳ ಕಾಲ ಮನುಷ್ಯನಿಗಿದ್ದ ಭಯವು ಹೊಟ್ಟೆಗಿಲ್ಲದ ಭಯವೇ ಹೊರತು ಹೊಟ್ಟೆ ಬೆಳೆಯುವ ಭಯವಲ್ಲವಷ್ಟೆ.

ಅಮೆರಿಕಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಎಂಬವರು 2016ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇನ್ನೂ ಬೆರಗುಗೊಳಿಸತಕ್ಕದ್ದು. ದೂರದರ್ಶನದಲ್ಲಿ ತೂಕವಿಳಿಸುವ ಪಂದ್ಯವೊಂದರಲ್ಲಿ ಭಾಗವಹಿಸಿದ್ದ 14 ಮಂದಿಯನ್ನು ಅವರು ಆರು ವರ್ಷಗಳ ಬಳಿಕ ಮತ್ತೆ ಪರಿಶೀಲಿಸಿದರು. 30 ವಾರಗಳಲ್ಲಿ ಇವರು ಸರಾಸರಿ 58 ಕಿಲೋ ಇಳಿದಿದ್ದರು; ಆರು ವರ್ಷಗಳಲ್ಲಿ ಅದರಲ್ಲಿ 41 ಕಿಲೋ ಮರಳಿ ಬಂದಿತ್ತು. ತೂಕವು ಮರಳಿದ ಮೇಲೆಯಾದರೂ ವೆಚ್ಚವು ಮೊದಲಿನಂತಾಗಬೇಕಾಗಿತ್ತು. ಆಗಲಿಲ್ಲ. ಅವರ ಮೈಗಾತ್ರಕ್ಕೂ ವಯಸ್ಸಿಗೂ ಸಲ್ಲಬೇಕಾಗಿದ್ದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಶಕ್ತಿಯನ್ನು ಅವರ ದೇಹಗಳು ಆಗಲೂ ವ್ಯಯಿಸುತ್ತಿದ್ದವು. ಬರಗಾಲವು ಮುಗಿದರೂ ಗೃಹಸ್ಥನು ಬಿಗಿಹಿಡಿದ ಕೈಯನ್ನು ಸಡಿಲಿಸಲಿಲ್ಲವೆಂದರ್ಥ. ಇವರು ಅತಿ ತೀವ್ರವಾದ ಕ್ರಮಕ್ಕೆ ಒಳಗಾಗಿದ್ದವರು. ಸಾಮಾನ್ಯವಾದ ಪಥ್ಯದಲ್ಲಿ ಈ ಕುಸಿತವು ಇಷ್ಟು ದೊಡ್ಡದಾಗಿರುವುದಿಲ್ಲವೆಂಬುದನ್ನು ನಾವು ಇಲ್ಲಿ ಹೇಳಲೇಬೇಕು.

ಆದರೆ ಎಲ್ಲವನ್ನೂ ಚಯಾಪಚಯದ ನಿಧಾನಗತಿಯ ಮೇಲೆಯೇ ಹೊರಿಸುವುದು ಸರಿಯಲ್ಲ. ಅದೇ ಪರೀಕ್ಷೆಯಲ್ಲಿ ಹೆಚ್ಚು ತೂಕವನ್ನು ಇಳಿಸಿಕೊಂಡೇ ಉಳಿದವರಲ್ಲಿ ಶಕ್ತಿವ್ಯಯದ ಕುಸಿತವೂ ಹೆಚ್ಚಾಗಿಯೇ ಇತ್ತು. ಹಾಗಾದರೆ ಮಿಕ್ಕವರನ್ನು ಕೆಡವಿದ ಬಲವು ಯಾವುದು? ಅದು ಹಸಿವು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಕಣಜದಲ್ಲಿ ಎಷ್ಟು ದಾಸ್ತಾನಿದೆಯೆಂದು ಕೊಬ್ಬಿನ ಕೋಶಗಳು ಮಿದುಳಿಗೆ ಕಳುಹಿಸುವ ವರದಿಯೇ ಇದು. ಕೊಬ್ಬು ಕರಗಿದೊಡನೆ ವರದಿಯು ಕ್ಷೀಣವಾಗುತ್ತದೆ; ಮಿದುಳು ಗಾಬರಿಗೊಂಡು ಅನ್ನವನ್ನು ಬೇಡುತ್ತದೆ. 1999ರಲ್ಲಿ ಜಪಾನಿನ ಪಂಡಿತರು ಗ್ರೆಲಿನ್ ಎಂಬ ಹಾರ್ಮೋನನ್ನು ಗುರುತಿಸಿದರು. ಜಠರದಿಂದ ಹೊರಟು ಹಸಿವನ್ನು ಕೆರಳಿಸುವುದು ಇದರ ಕೆಲಸ. ಪಥ್ಯದಿಂದ ತೂಕ ಇಳಿದವರಲ್ಲಿ ಇದು ಹೆಚ್ಚುತ್ತದೆ. ಮೆಲ್‌ಬರ್ನ್ ನಗರದಲ್ಲಿ 50 ಮಂದಿಗೆ 10 ವಾರಗಳ ಕಠಿಣಪಥ್ಯವನ್ನು ಮಾಡಿಸಿದ ಪರೀಕ್ಷೆಯು 2011ರಲ್ಲಿ ಪ್ರಕಟವಾಯಿತು. ಪ್ರಾರಂಭದಿಂದ 62 ವಾರಗಳು ಕಳೆದರೂ ಈ ಹಾರ್ಮೋನುಗಳು ಪೂರ್ವಸ್ಥಿತಿಗೆ ಬಂದಿರಲಿಲ್ಲ, ಹಸಿವೂ ಶಮನವಾಗಿರಲಿಲ್ಲ.

ಎರಡು ಬಲಗಳಲ್ಲಿ ಯಾವುದು ಹಿರಿದೆಂಬುದನ್ನು ಹಾಲ್ ಮತ್ತು ಸಂಗಡಿಗರು ಮತ್ತೊಂದು ಲೇಖನದಲ್ಲಿ ಅಂದಾಜುಮಾಡಿದ್ದಾರೆ. ಇಳಿದ ಪ್ರತಿಯೊಂದು ಕಿಲೋ ತೂಕಕ್ಕೂ ದೇಹದ ವೆಚ್ಚವು ದಿನಕ್ಕೆ 20ರಿಂದ 30 ಕ್ಯಾಲೊರಿಯಷ್ಟು ಕುಗ್ಗುತ್ತದೆ. ಹಸಿವಾದರೋ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಹತ್ತು ಕಿಲೋ ಇಳಿದ ಗುಮಾಸ್ತನೊಬ್ಬನನ್ನು ಊಹಿಸಿಕೊಳ್ಳಿ. ಈ ಅಂದಾಜಿನಂತೆ ಅವನ ದೇಹವು ನಾಲ್ಕು ಇಡ್ಲಿಗಳಷ್ಟು ಶಕ್ತಿಯನ್ನು ದಿನವೂ ಉಳಿತಾಯಮಾಡುತ್ತಿದೆ. ಅದೇ ಸಮಯದಲ್ಲಿ ಮುಂಚೆ ಉಣ್ಣುತ್ತಿದ್ದುದರ ಮೇಲೆ ಹೆಚ್ಚಾಗಿ ಎರಡು ಹೊತ್ತಿನ ಊಟದಷ್ಟನ್ನು ಅವನ ಹಸಿವು ಕೇಳುತ್ತಿದೆ. ಆತನು ಅದಕ್ಕೆ ಒಂದು ವಾರ ಎದುರುನಿಲ್ಲಬಹುದು, ಆರು ತಿಂಗಳು ನಿಲ್ಲಬಹುದು. ಕಚೇರಿಯ ಕೆಲಸ, ಮಕ್ಕಳ ಓದು, ಸಾಲದ ಕಂತು ಇವುಗಳ ನಡುವೆ ಜೀವಮಾನವೆಲ್ಲ ಪ್ರತಿಯೊಂದು ಹೊತ್ತಿನಲ್ಲಿಯೂ ಆ ಹೋರಾಟವನ್ನು ಗೆಲ್ಲಬೇಕೆಂದರೆ ಅದು ಸಾಮಾನ್ಯರಿಂದ ಆಗತಕ್ಕ ಮಾತೇ?

ಕೊಬ್ಬಿನ ಕೋಶಗಳೂ ಈ ಪಿತೂರಿಯಲ್ಲಿ ಪಾಲುದಾರರೇ. ತೂಕ ಇಳಿದಾಗ ಅವು ಬತ್ತುತ್ತವೆಯೇ ಹೊರತು ಅವುಗಳ ಸಂಖ್ಯೆಯು ಕುಗ್ಗುವುದಿಲ್ಲವೆಂದು 2008ರಲ್ಲಿ ಸ್ವೀಡನ್ನಿನ ಪಂಡಿತರು ತೋರಿಸಿದರು. ಬೊಜ್ಜಿನ ಕಾಲದಲ್ಲಿ ಜೀನುಗಳ ಮೇಲೆ ಬಿದ್ದ ಗುರುತುಗಳು ತೂಕ ಇಳಿದ ಮೇಲೆಯೂ ಆ ಕೋಶಗಳಲ್ಲಿ ಉಳಿದಿರುತ್ತವೆಂದು 2024ರಲ್ಲಿ ಝೂರಿಕ್ ನಗರದ ಸಂಶೋಧಕರು ಪ್ರಕಟಿಸಿದರು. ತಂದೆತಾಯಿಗಳಿಂದ ಬರುವ ಪ್ರಕೃತಿಯ ಪಾಲೂ ಅಲ್ಪವಲ್ಲ. ತೂಕದ ವ್ಯತ್ಯಾಸದಲ್ಲಿ ಶೇಕಡ 40ರಿಂದ 70ರಷ್ಟು ಅನುವಂಶಿಕವೆಂದು ಪಂಡಿತರು ಗಣಿಸುತ್ತಾರೆ. ನಮ್ಮ ಪ್ರಾಚೀನರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಸ್ಥೌಲ್ಯದ ಕಾರಣಗಳನ್ನೆಣಿಸುವಾಗ ಅತಿಭೋಜನ, ಹಗಲುನಿದ್ರೆ, ವ್ಯಾಯಾಮದ ಅಭಾವ ಇವುಗಳ ಜತೆಗೆ ಬೀಜಸ್ವಭಾವವನ್ನೂ ಸೇರಿಸಿದೆ. ಸ್ಥೂಲನ ಜಠರಾಗ್ನಿಯು ಮಂದವಲ್ಲ, ಪ್ರಬಲವಾದುದು, ಆದ್ದರಿಂದಲೇ ಅವನಿಗೆ ಹಸಿವು ಹೆಚ್ಚೆಂದೂ, ಕೃಶತೆಗಿಂತ ಸ್ಥೌಲ್ಯಕ್ಕೆ ಚಿಕಿತ್ಸೆಯು ಕಷ್ಟವೆಂದೂ ಅಲ್ಲಿ ಹೇಳಿದೆ. ಇಂದಿನ ಶಾಸ್ತ್ರದ ಭಾಷೆಯು ಬೇರೆ, ಪ್ರಮಾಣಗಳು ಬೇರೆ. ಆದರೂ ಸ್ಥೂಲನನ್ನು ಸೋಮಾರಿಯೆಂದು ತಳ್ಳಿಬಿಡದೆ ಅವನ ಹಸಿವಿಗೆ ಕಾರಣವನ್ನು ಹುಡುಕಿದ ಆ ದೃಷ್ಟಿಯು ಆದರಣೀಯವಾದುದು.

ಹಾಗಾದರೆ ಪ್ರಯತ್ನವೇ ವ್ಯರ್ಥವೆಂದು ಕೈಕಟ್ಟಿ ಕೂರಬೇಕೆ? ಖಂಡಿತವಾಗಿಯೂ ಕೂಡದು. ನಲವತ್ತು ದಾಟಿದವರು ತಮ್ಮ ಚಯಾಪಚಯವು ನಿಧಾನವಾಯಿತೆಂದು ನೆಪ ಹೇಳುವುದುಂಟು. 29 ದೇಶಗಳ 6,400ಕ್ಕೂ ಮಿಕ್ಕ ಜನರನ್ನು ಅಳೆದು 2021ರಲ್ಲಿ ಪ್ರಕಟಿಸಿದ ಸಂಶೋಧನೆಯು ಈ ನೆಪವನ್ನು ಕಿತ್ತುಹಾಕಿದೆ: ಮೈಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60ರ ವಯಸ್ಸಿನವರೆಗೆ ಶಕ್ತಿವ್ಯಯವು ಬಹುಮಟ್ಟಿಗೆ ಒಂದೇ ಸಮನಾಗಿರುತ್ತದೆ. ಇಳಿಸಿದ ತೂಕವನ್ನು ಉಳಿಸಿಕೊಂಡವರೂ ಲೋಕದಲ್ಲಿ ಇದ್ದಾರೆ. ಅಮೆರಿಕಾದಲ್ಲಿ 1994ರಲ್ಲಿ ಪ್ರಾರಂಭವಾದ ಒಂದು ದಾಖಲೆಯಲ್ಲಿ ಅಂತಹ 10,000ಕ್ಕೂ ಹೆಚ್ಚು ಮಂದಿ ತಮ್ಮ ಹೆಸರನ್ನು ಬರೆಯಿಸಿದ್ದಾರೆ. ಅವರಲ್ಲಿ ಬಹುಮಂದಿ ದಿನಕ್ಕೆ ಸುಮಾರು ಒಂದು ಗಂಟೆ ನಡೆಯುತ್ತಾರೆ ಅಥವಾ ವ್ಯಾಯಾಮ ಮಾಡುತ್ತಾರೆ. ವಾರಕ್ಕೊಮ್ಮೆಯಾದರೂ ತೂಗಿ ನೋಡಿಕೊಳ್ಳುತ್ತಾರೆ. ಊಟದ ಕ್ರಮವನ್ನು ಹಬ್ಬಕ್ಕೆಂದೂ ರಜೆಗೆಂದೂ ಸಡಿಲಿಸುವುದಿಲ್ಲ. ಹಿಂದೆ ಹೇಳಿದ ದೂರದರ್ಶನದ ಪಂದ್ಯದವರಲ್ಲಿಯೂ ತೂಕವನ್ನು ಉಳಿಸಿಕೊಂಡವರು ದೇಹಶ್ರಮವನ್ನು ಬಹಳವಾಗಿ ಹೆಚ್ಚಿಸಿದವರೇ. ಇದರಿಂದ ತಿಳಿಯುವುದೇನೆಂದರೆ, ಮೂರು ತಿಂಗಳ ಪಥ್ಯವೆಂಬುದು ಇಲ್ಲ; ಯಾವ ಕ್ರಮವನ್ನು ಜೀವಮಾನವೆಲ್ಲ ನಡೆಸಲು ಸಾಧ್ಯವೋ ಅದೊಂದೇ ಪಥ್ಯ.

ಇನ್ನೊಂದು ಸಮಾಧಾನದ ಸಂಗತಿಯೂ ಉಂಟು. ಅದು ನಮ್ಮ ನೆರೆಯ ಚೆನ್ನೈಯಿಂದಲೇ ಬಂದುದು. ಅಲ್ಲಿನ ಡಾಕ್ಟರ್ ರಾಮಚಂದ್ರನ್ ಅವರ ನೇತೃತ್ವದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಮೂರು ವರ್ಷಗಳ ಕಾಲ ನೋಡಿಕೊಳ್ಳಲಾಯಿತು. ಊಟವನ್ನು ತಿದ್ದಿಕೊಂಡು ನಡಿಗೆಯನ್ನು ಹೆಚ್ಚಿಸಿದವರಲ್ಲಿ ಮಧುಮೇಹವು ಶೇಕಡ 28.5ರಷ್ಟು ಕಡಿಮೆಯಾಯಿತು. ಗಮನಿಸತಕ್ಕ ಮಾತೆಂದರೆ, ಅವರ ತೂಕವು ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ. ಅಮೆರಿಕಾದ ಇಂತಹುದೇ ಪರೀಕ್ಷೆಯಲ್ಲಿ ಇಳಿದ ತೂಕದ ಬಹುಭಾಗವು ಮರಳಿ ಬಂದರೂ, ಹತ್ತು ವರ್ಷಗಳ ಮೇಲೆ ಮಧುಮೇಹವು ಶೇಕಡ 34ರಷ್ಟು ಕಡಿಮೆಯೇ ಇದ್ದಿತು. ತಕ್ಕಡಿಯ ಮುಳ್ಳು ಕದಲಲಿಲ್ಲವೆಂದು ನಡಿಗೆಯನ್ನು ಬಿಟ್ಟುಬಿಡುವವರು ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು.

ಈಗ ಸೂಜಿಮದ್ದುಗಳ ವಿಚಾರಕ್ಕೆ ಬರೋಣ. ಇವು ಸುಳ್ಳುಮದ್ದುಗಳಲ್ಲ, ಕರುಳಿನ ಹಾರ್ಮೋನುಗಳನ್ನು ಅನುಕರಿಸಿ ಹಸಿವನ್ನೇ ತಗ್ಗಿಸುವುವು. ಹಸಿವೇ ಮುಖ್ಯ ಶತ್ರುವೆಂದು ಮೇಲೆ ಹೇಳಿದ ಮಾತಿಗೆ ಇವುಗಳ ಯಶಸ್ಸೇ ಸಾಕ್ಷಿಯಾಗಿದೆ. ಆದರೆ ಇವುಗಳನ್ನು ನಿಲ್ಲಿಸಿದರೇನಾಗುವುದು? 2022ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸೆಮಾಗ್ಲುಟೈಡನ್ನು 68 ವಾರ ಪಡೆದು ಶೇಕಡ 17ರಷ್ಟು ತೂಕವನ್ನು ಕಳೆದುಕೊಂಡವರು, ಮದ್ದು ನಿಂತ ಒಂದು ವರ್ಷದಲ್ಲಿ ಅದರ ಮೂರನೆಯ ಎರಡು ಭಾಗವನ್ನು ಮರಳಿ ಪಡೆದರು. ಟಿರ್ಜೆಪಟೈಡಿನ ಪರೀಕ್ಷೆಯಲ್ಲಿಯೂ 36 ವಾರಗಳಲ್ಲಿ ಶೇಕಡ 21ರಷ್ಟು ಇಳಿದವರಿಗೆ ಮದ್ದನ್ನು ನಿಲ್ಲಿಸಿದಾಗ ಮುಂದಿನ ಒಂದು ವರ್ಷದಲ್ಲಿ ಅವರ ತೂಕವು ಶೇಕಡ 14ರಷ್ಟು ಏರಿತು. ಎಂದರೆ ಹೊಸ ಮದ್ದುಗಳು ದೇಹಧರ್ಮವನ್ನು ರದ್ದುಮಾಡಿಲ್ಲ. ಮದ್ದಿರುವವರೆಗೆ ಅದನ್ನು ತಡೆದುನಿಲ್ಲಿಸುತ್ತವೆ, ಅಷ್ಟೆ. ರಕ್ತದೊತ್ತಡದ ಗುಳಿಗೆಯಂತೆ ಇವನ್ನೂ ಬಹುಕಾಲ ತೆಗೆದುಕೊಳ್ಳಬೇಕಾಗುವುದೆಂಬುದನ್ನು ರೋಗಿಗೆ ಮೊದಲ ದಿವಸವೇ ಹೇಳತಕ್ಕದ್ದು. 2025ರಲ್ಲಿ ಮೌಂಜಾರೊ ಬಂದಾಗ ಅದರ ಅತಿ ಚಿಕ್ಕ ಪ್ರಮಾಣದ ಒಂದು ಸೀಸೆಗೆ 3,500 ರೂಪಾಯಿ ಬೆಲೆಯಿತ್ತು. ವಾರಕ್ಕೆ ಒಂದು ಸೀಸೆ ಬೇಕು. ತಿಂಗಳಿಗೆ 14,000 ರೂಪಾಯಿಯನ್ನು ವರ್ಷಾನುಗಟ್ಟಲೆ ತೆರಬಲ್ಲ ಸಂಸಾರಗಳು ಎಷ್ಟಿವೆ? ಮದುವೆಯ ಮುಹೂರ್ತಕ್ಕಾಗಿ ನಾಲ್ಕು ತಿಂಗಳು ಚುಚ್ಚಿಸಿಕೊಂಡು ಬಿಟ್ಟುಬಿಡುವವರು ಹಣವನ್ನೂ ಕಳೆದುಕೊಂಡು ತೂಕವನ್ನೂ ಮರಳಿ ಪಡೆಯುವರು. ಇಳಿಯುವಾಗ ಕೊಬ್ಬಿನ ಸಂಗಡ ಮಾಂಸವೂ ಕರಗುವುದರಿಂದ, ಪೌಷ್ಟಿಕವಾದ ಬೇಳೆಕಾಳುಗಳೂ ಮೈಗೆ ಬಲ ಕೊಡುವ ಕಸರತ್ತೂ ಇಲ್ಲದವರಿಗೆ ನಷ್ಟವು ಇಮ್ಮಡಿ.

ಅಧಿಕಾರಿವರ್ಗದವರು ಇಲ್ಲಿ ಮಾಡತಕ್ಕ ಕೆಲಸಗಳು ಹಲವಿವೆ. ಮೊದಲನೆಯದು ಕಾನೂನಿನ ಪಾಲನೆ. ಔಷಧಗಳ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ಕುರಿತ 1954ರ ಕಾಯಿದೆಯ ಅನುಸೂಚಿಯಲ್ಲಿ ಬೊಜ್ಜಿನ ಹೆಸರು ಸ್ಪಷ್ಟವಾಗಿಯೇ ಇದೆ. ಬೊಜ್ಜನ್ನು ವಾಸಿಮಾಡುವೆವೆಂದು ಔಷಧದ ಜಾಹೀರಾತನ್ನು ಕೊಡುವುದು ನಿಷಿದ್ಧ. ಅದರ ಪ್ರಕಟನೆಯಲ್ಲಿ ಭಾಗಿಯಾಗುವುದೂ ನಿಷಿದ್ಧ. ಆದುದರಿಂದ ಪತ್ರಿಕೆಗಳವರಿಗೂ ಇಲ್ಲಿ ಹೊಣೆಯುಂಟು. ಕಾಯಿದೆಯು ಎಪ್ಪತ್ತು ವರ್ಷಗಳಿಗೂ ಹಳೆಯದು. ಆದರೂ ಪುಡಿ, ಎಣ್ಣೆ, ಕಷಾಯಗಳ ವಾಗ್ದಾನಗಳಿಗೆ ಲೋಪವಿಲ್ಲ. ಎರಡನೆಯದು ಆಹಾರದ ಪೊಟ್ಟಣಗಳ ಮೇಲಣ ಎಚ್ಚರಿಕೆ. ಚಿಲಿ ದೇಶವು 2016ರಲ್ಲಿಯೇ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮುಂಭಾಗದಲ್ಲಿ ಕಪ್ಪು ಮುದ್ರೆಯನ್ನು ಕಡ್ಡಾಯಮಾಡಿತು. ನಮ್ಮಲ್ಲಿ 2022ರಲ್ಲಿ ನಕ್ಷತ್ರಗಳ ಒಂದು ಕರಡು ಹೊರಟಿತು; 2025ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮೂರು ತಿಂಗಳ ಗಡುವನ್ನು ಕೊಟ್ಟು ಚುರುಕುಗೊಳಿಸಬೇಕಾಯಿತು. ಒಳ್ಳೆಯದಕ್ಕೆ ನಕ್ಷತ್ರ ಕೊಡುವುದಕ್ಕಿಂತ ಕೆಟ್ಟದ್ದನ್ನು ಕೆಟ್ಟದ್ದೆಂದು ಹೇಳುವುದೇ ಓದುಬರಹ ಅಲ್ಪವಾಗಿರುವವರಿಗೆ ಉಪಕಾರ. ಕಾರ್ಖಾನೆಯ ತಿನಿಸುಗಳನ್ನೇ ಕೊಟ್ಟಾಗ ಅದೇ ಜನರು ದಿನಕ್ಕೆ 500 ಕ್ಯಾಲೊರಿಯಷ್ಟು ಹೆಚ್ಚಾಗಿ ತಿಂದರೆಂದು ಹಾಲ್ ಅವರ 2019ರ ಪರೀಕ್ಷೆಯು ತೋರಿಸಿಕೊಟ್ಟಿದೆ.

ಮೂರನೆಯದು ನಗರಸಭೆಗಳಿಗೆ ಸಂಬಂಧಿಸಿದುದು. ದಿನಕ್ಕೊಂದು ಗಂಟೆ ನಡೆಯಿರೆಂದು ವೈದ್ಯರು ಹೇಳುತ್ತಾರೆ, ನಡೆಯಲು ಕಾಲುದಾರಿಯೆಲ್ಲಿದೆ? ಇದ್ದ ಕಾಲುದಾರಿಯ ಮೇಲೆ ವಾಹನಗಳು ನಿಂತಿವೆ. ಶಾಲೆಗಳ ಆಟದ ಬಯಲುಗಳಲ್ಲಿ ಕಟ್ಟಡಗಳು ಎದ್ದಿವೆ. ಸಂಜೆಯ ಮೇಲೆ ಹೆಂಗಸರು ನಿರ್ಭಯವಾಗಿ ನಡೆದಾಡಬಲ್ಲ ಬೀದಿಗಳು ಎಷ್ಟು ಪಟ್ಟಣಗಳಲ್ಲಿವೆ? ಒಮ್ಮೆ ಏರಿದ ತೂಕವನ್ನು ದೇಹವು ಇಷ್ಟು ಬಿಗಿಯಾಗಿ ಕಾಯುವುದಾದರೆ, ಅದು ಏರದಂತೆ ನೋಡಿಕೊಳ್ಳುವುದೇ ಸುಲಭದ ದಾರಿ. ಆ ಕಾರ್ಯವು ಮಕ್ಕಳ ವಯಸ್ಸಿನಿಂದಲೇ ಪ್ರಾರಂಭವಾಗಬೇಕು. ನಾಲ್ಕನೆಯದಾಗಿ, ಪೇಟೆಂಟು ಮುಗಿದ ಮದ್ದುಗಳ ಬೆಲೆ, ಗುಣ, ಮಾರಾಟ ಈ ಮೂರರ ಮೇಲೆಯೂ ಸರಕಾರದ ಕಣ್ಣಿರಬೇಕು. ಮಧುಮೇಹಕ್ಕೂ ಹೃದ್ರೋಗಕ್ಕೂ ಸಿಕ್ಕಿದ ಬಡವನಿಗೆ ಅವು ಎಟುಕಬೇಕು. ವೈದ್ಯರ ಚೀಟಿಯಿಲ್ಲದೆ ಸೌಂದರ್ಯದ ಅಂಗಡಿಗಳಲ್ಲಿ ಅವು ಮಾರಾಟವಾಗಕೂಡದು.

ವೈದ್ಯಮಹಾಶಯರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ತೂಕ ಮರಳಿದ ರೋಗಿಯು ಬಂದಾಗ ಗದರಿಸಿ ಕಳುಹಿಸಿದರೆ ಅವನು ಮತ್ತೆ ಬರುವುದು ಸಕ್ಕರೆ ಏರಿ ಕಣ್ಣೋ ಕಾಲೋ ಕೆಟ್ಟ ಮೇಲೆಯೇ. ಇಳಿಸುವುದಕ್ಕೆ ಮೂರು ತಿಂಗಳ ಚೀಟಿಯನ್ನು ಬರೆದುಕೊಡುವವರು ಉಳಿಸಿಕೊಳ್ಳುವುದಕ್ಕೆ ಮೂರು ವರ್ಷಗಳ ಕ್ರಮವನ್ನೂ ಬರೆದುಕೊಡಬೇಕು. ಶೇಕಡ 5ರಿಂದ 10ರಷ್ಟು ಇಳಿದು ಅಲ್ಲಿಯೇ ನಿಂತರೆ ರಕ್ತದ ಸಕ್ಕರೆಗೂ ಒತ್ತಡಕ್ಕೂ ಸಾಕಷ್ಟು ಪ್ರಯೋಜನವುಂಟೆಂಬುದನ್ನು ತಿಳಿಯಹೇಳಿದರೆ, ಆಗದ ಗುರಿಯನ್ನು ಬೆನ್ನಟ್ಟಿ ನಿರಾಶರಾಗುವವರು ಕಡಿಮೆಯಾದಾರು.

ವಾಚಕರಿಗೆ ನಾವು ಹೇಳುವುದಿಷ್ಟೆ. ತಮ್ಮಲ್ಲಿ ಪಥ್ಯ ಮಾಡಿ ಸೋತವರಿದ್ದರೆ ಅವರು ತಮ್ಮನ್ನು ಹಳಿದುಕೊಳ್ಳುವುದನ್ನು ನಿಲ್ಲಿಸಲಿ. ಆದರೆ ನಡಿಗೆಯನ್ನೂ ಮಿತಭೋಜನವನ್ನೂ ನಿಲ್ಲಿಸದಿರಲಿ. ಮೂರು ತಿಂಗಳ ವಾಗ್ದಾನವನ್ನು ಹೊತ್ತು ಬರುವವರನ್ನು, ಮೂರು ವರ್ಷಗಳ ಹಿಂದೆ ನಿಮ್ಮಲ್ಲಿಗೆ ಬಂದವರು ಈಗ ಎಷ್ಟು ತೂಗುತ್ತಾರೆಂದು ಕೇಳಲಿ. ಉತ್ತರವು ದೊರೆಯದಿದ್ದರೆ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಹಿಂದಿರುಗಲಿ.